ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು

ವಿಮಾ ಕಂಪನಿಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ಬರುತ್ತದೆ. ಹೆಸರಿನ ಪಕ್ಕದಲ್ಲಿ ‘ಕ್ಯಾಶ್‌ಲೆಸ್’, ಅದರ ಕೆಳಗೆ ‘ಮಕ್ಕಳ ವಿಭಾಗ’. ಅಷ್ಟನ್ನು ನೋಡಿ ತಂದೆ ತಾಯಿ ನಿಶ್ಚಿಂತರಾಗುತ್ತಾರೆ, ಬರೆಸಿಕೊಟ್ಟು ಆಸ್ಪತ್ರೆಯವರು ನಿಶ್ಚಿಂತರಾಗುತ್ತಾರೆ, ಪ್ರಕಟಿಸಿ ಕಂಪನಿಯವರು ನಿಶ್ಚಿಂತರಾಗುತ್ತಾರೆ. ಈ ಮೂರು ನಿಶ್ಚಿಂತೆಗಳ ನಡುವೆ ಮಗುವನ್ನು ಕಾಯುವವರು ಯಾರೂ ಇಲ್ಲ. ರಾತ್ರಿ ಎರಡು ಗಂಟೆಗೆ ಉಸಿರಿಗೆ ಒದ್ದಾಡುವ ಕೂಸನ್ನು ಎತ್ತಿಕೊಂಡು ಹೋದಾಗ ಆ ಎರಡು ಪದಗಳ ಹಿಂದೆ ಏನಿದೆ ಎಂದು ಯಾರೂ ಮೊದಲೇ ಹೋಗಿ ನೋಡಿರುವುದಿಲ್ಲ.

ಮಹಾರಾಷ್ಟ್ರದ ಲೋಣಾವಳಾದಂಥ ಊರಿನಲ್ಲಿ ಈ ಉದಾಸೀನ ಇನ್ನೂ ಅಪಾಯಕಾರಿ. ಪುಣೆಯ ದೊಡ್ಡ ಆಸ್ಪತ್ರೆಗಳು ಇಲ್ಲಿಂದ ಸುಮಾರು 65 ಕಿಲೋಮೀಟರ್ ದೂರ. ಇನ್ನೊಂದು ಕಡೆ ಬೋರ್ ಘಾಟ್ ಇಳಿದರೆ ಮುಂಬೈ ದಾರಿ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಎಕ್ಸ್‌ಪ್ರೆಸ್‌ವೇಯ ಘಾಟಿಯಲ್ಲಿ ವಾಹನಗಳು ತಾಸುಗಟ್ಟಲೆ ನಿಲ್ಲುವುದು ಎಲ್ಲರಿಗೂ ಗೊತ್ತು. ಹಾಗಿದ್ದರೂ ‘ಏನಾದರೂ ಆದರೆ ಪುಣೆಗೆ ಕಳಿಸಿದರಾಯಿತು’ ಎಂಬ ಮಾತು ಇಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! 2024ರ ಜೂನ್ 30ರಂದು ಇಲ್ಲಿನ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ವಾರ ವಾರವೂ ಸಾವಿರಾರು ಮಕ್ಕಳು ನೀರಿನ ಹತ್ತಿರ ಬಂದು ನಿಲ್ಲುವ ಊರು ಇದು. ನೀರಿನಿಂದ ಮೇಲೆತ್ತಿದ ಮಗುವಿಗೆ ಮೊದಲ ಕೆಲವು ನಿಮಿಷಗಳಲ್ಲಿ ಉಸಿರು ಕೊಡಬೇಕು. ಅಷ್ಟರಲ್ಲಿ ಪುಣೆ ಬರುವುದಿಲ್ಲ.

ನಿಯಮ ಪಾಲಿಸಿದ್ದೇವೆ ಎನ್ನುವವರಿಗೆ ಒಂದು ಮಾತು. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯಾನದಂತೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಆಸ್ಪತ್ರೆ ಎನಿಸಿಕೊಳ್ಳಲು 10 ಹಾಸಿಗೆ ಸಾಕು. ಹಗಲು ರಾತ್ರಿ ಅರ್ಹ ದಾದಿಯರು, ಅರ್ಹ ವೈದ್ಯರು ಇರಬೇಕು. ಶಸ್ತ್ರಚಿಕಿತ್ಸೆ ನಡೆಯುವುದಾದರೆ ಸ್ವಂತ ಥಿಯೇಟರ್ ಬೇಕು. ರೋಗಿಗಳ ದಿನಚರಿಯ ದಾಖಲೆ ಇಡಬೇಕು. 2011ರ ಜನಗಣತಿಯಲ್ಲಿ 57,698 ಜನರಿದ್ದ ಲೋಣಾವಳಾಕ್ಕೆ ಈ ಅಳತೆಯೇ ಅನ್ವಯ. ಇದರಲ್ಲಿ ಮಕ್ಕಳ ತಜ್ಞರ ಮಾತು ಎಲ್ಲಿಯೂ ಇಲ್ಲ. ಇಷ್ಟು ಕೆಳಗಿನ ಮೆಟ್ಟಿಲನ್ನು ಹತ್ತಿದ್ದೇ ದೊಡ್ಡ ಸಾಧನೆ ಎಂಬಂತೆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದು ನಾಚಿಕೆಗೇಡು.

ಮಕ್ಕಳ ವಿಭಾಗಕ್ಕೆ ನಿಜವಾಗಿ ಬೇಕಾದದ್ದು ಏನೆಂದು ತುರ್ತು ಟ್ರಾಲಿಯ ಮುಂದೆ ನಿಂತು ನೋಡಿ. ಮೂರು ಕಿಲೋ ತೂಕದ ಕೂಸಿನ ಒಂದು ಉಸಿರು 20 ಮಿಲಿಲೀಟರಿಗೂ ಕಡಿಮೆ. ಉಸಿರು ತುಂಬಲು ದೊಡ್ಡವರಿಗೆಂದು ಮಾಡಿದ ಅಂಬು ಬ್ಯಾಗ್ ಒಂದು ಲೀಟರಿಗೂ ಮಿಕ್ಕಿದ್ದು. ಅದನ್ನು ಗಾಬರಿಯಲ್ಲಿ ಒತ್ತಿದರೆ ಕೂಸಿನ ಪುಪ್ಪುಸಕ್ಕೇ ಪೆಟ್ಟು. ಆದ್ದರಿಂದ ಸಣ್ಣ ಬ್ಯಾಗ್ ಬೇಕು, 0 ಮತ್ತು 1 ನಂಬರಿನ ಮಾಸ್ಕ್ ಬೇಕು, 24 ಗೇಜಿನ ಹಳದಿ ಕ್ಯಾನುಲಾ ಬೇಕು, ಪುಟ್ಟ ಪಾದಕ್ಕೆ ಸುತ್ತುವ ಆಕ್ಸಿಮೀಟರ್ ಪ್ರೋಬ್ ಬೇಕು. ಔಷಧಿಯ ಪ್ರಮಾಣವೆಲ್ಲ ಕಿಲೋ ಲೆಕ್ಕದಲ್ಲಿ ಇರುವುದರಿಂದ ಸರಿಯಾಗಿ ತೂಗುವ ತಕ್ಕಡಿಯೂ ಬೇಕು. ಇವು ಕೋಟಿ ರೂಪಾಯಿಯ ಯಂತ್ರಗಳಲ್ಲ. ಇವನ್ನು ತಂದು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹಗಲು ಪಾಳಿಯ ಸಿಸ್ಟರ್ ಮನೆಗೆ ಒಯ್ಯುವುದಾದರೆ ತಂದೂ ಏನು ಫಲ? ಹುಟ್ಟಿದ ಕೂಸು ಅಳದಿದ್ದರೆ ಮೊದಲ ಒಂದೇ ನಿಮಿಷದಲ್ಲಿ ಉಸಿರಾಟ ಶುರುವಾಗಬೇಕೆಂದು ಭಾರತೀಯ ಮಕ್ಕಳ ವೈದ್ಯರ ಸಂಘ 2009ರಿಂದ ತರಬೇತಿ ಕೊಡುತ್ತ ಬಂದಿದೆ. ಆ ನಿಮಿಷದಲ್ಲಿ ಬೀಗದ ಕೀಲಿ ಹುಡುಕುವುದಕ್ಕೆ ಪುರುಸೊತ್ತಿಲ್ಲ.

ಮಕ್ಕಳ ತಜ್ಞರು ‘ಆನ್ ಕಾಲ್’ ಇದ್ದಾರೆ ಎಂಬ ಮಾತನ್ನೂ ನಿಲ್ಲಿಸಬೇಕು. ಎಷ್ಟು ನಿಮಿಷದಲ್ಲಿ ಬರುತ್ತಾರೆ, ಬರುವ ತನಕ ಕೂಸನ್ನು ಹಿಡಿದಿಡುವವರು ಯಾರು, ಅವರಿಗೆ ತರಬೇತಿ ಆಗಿದೆಯೇ ಎಂದು ಹೇಳಲಾಗದಿದ್ದರೆ ಆನ್ ಕಾಲ್ ಎಂಬುದು ಬರೀ ಫೋನ್ ನಂಬರು. ಫಲಕ ಹೇಳುವುದು ಒಂದು, ಒಳಗಿರುವುದು ಇನ್ನೊಂದು ಆದರೆ ಏನಾಗುತ್ತದೆಂದು ನೋಡಿದ್ದೇವೆ. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ್ ವಿಹಾರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳು ಬೆಂಕಿಗೆ ಬಲಿಯಾದವು. ಆ ಆಸ್ಪತ್ರೆಯ ಪರವಾನಗಿ ಮಾರ್ಚ್ 31ಕ್ಕೇ ಮುಗಿದಿತ್ತು, ಅನುಮತಿ ಇದ್ದದ್ದು 5 ಹಾಸಿಗೆಗೆ, ಒಳಗಿದ್ದ ಕೂಸುಗಳು 12 ಎಂದು ಪೊಲೀಸರು ಹೇಳಿದರು. ಅದಕ್ಕೂ ಮೊದಲು, 2021ರ ಜನವರಿ 9ರ ನಸುಕಿನಲ್ಲಿ, ಇದೇ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ಶಿಶು ಘಟಕದಲ್ಲಿ ಬೆಂಕಿ ಬಿದ್ದು 10 ಕೂಸುಗಳು ಸತ್ತವು. ಪ್ರತಿ ಸಲವೂ ಮರುದಿನ ತಪಾಸಣೆಯ ಆದೇಶ ಹೊರಡುತ್ತದೆ, ತಿಂಗಳು ಕಳೆಯುವುದರೊಳಗೆ ಎಲ್ಲರೂ ಮರೆಯುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮ್ಮದು.

ವಿಮಾ ಕಂಪನಿಗಳ ಹೊಣೆ ಇನ್ನೂ ಹೆಚ್ಚಿನದು, ಏಕೆಂದರೆ ಪಟ್ಟಿ ಅವರದು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಮಂಜೂರಾತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ಪ್ರಾಧಿಕಾರವು 2024ರ ಮೇ 29ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾಗದದ ಮೇಲಿನ ಈ ಚುರುಕು ವಾರ್ಡಿನಲ್ಲೂ ಇರಬೇಡವೇ? ದರಪಟ್ಟಿಯ ಪ್ರತಿ ಸಾಲನ್ನೂ ಚೌಕಾಸಿ ಮಾಡುವವರಿಗೆ ಒಂದು ರಾತ್ರಿ ಆಸ್ಪತ್ರೆಗೆ ಹೋಗಿ ಕೂಸನ್ನು ಬೆಚ್ಚಗಿಡುವ ವಾರ್ಮರ್ ಬಿಸಿಯಾಗುತ್ತದೆಯೇ ಎಂದು ನೋಡಲು ಏನು ಅಡ್ಡಿ? ಪಾಲಿಸಿಯ ಒಳಗೂ ಇದೇ ಉದಾಸೀನ. ಅನೇಕ ಪಾಲಿಸಿಗಳು ಕೂಸನ್ನು 91ನೇ ದಿನದಿಂದ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ಆದರೆ ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಂಭವಿಸುವುದು ಮೊದಲ 28 ದಿನಗಳಲ್ಲಿ. ಅತ್ಯಂತ ದುರ್ಬಲವಾದ ದಿನಗಳಲ್ಲೇ ಕೂಸನ್ನು ಹೊರಗಿಟ್ಟು ಅದಕ್ಕೆ ‘ಕುಟುಂಬ ವಿಮೆ’ ಎಂದು ಹೆಸರಿಡುವುದು ಅನ್ಯಾಯ.

ತಂದೆ ತಾಯಿಗಳೂ ಕೇಳಿಸಿಕೊಳ್ಳಬೇಕು. ಹೊರರೋಗಿ ಖರ್ಚಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದಿಲ್ಲ, 24 ಗಂಟೆ ದಾಖಲಾದರೆ ಬರುತ್ತದೆ. ಆದ್ದರಿಂದ ‘ಡಾಕ್ಟ್ರೇ, ಒಂದು ದಿನ ಅಡ್ಮಿಟ್ ಮಾಡಿಬಿಡಿ, ಕ್ಲೇಮ್ ಆಗುತ್ತೆ’ ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಓಆರ್‌ಎಸ್ ಕುಡಿಸಿ ಮನೆಯಲ್ಲಿ ನೋಡಿಕೊಳ್ಳಬಹುದಾದ ಮಗುವಿನ ಕೈಗೆ ಹಣಕ್ಕಾಗಿ ಸೂಜಿ ಚುಚ್ಚಿಸುವುದು, ಬೇರೆ ರೋಗಿಗಳ ಸೋಂಕಿನ ನಡುವೆ ಮಲಗಿಸುವುದು ಯಾವ ಪ್ರೀತಿ? ಅದಕ್ಕೆ ಒಪ್ಪುವ ವೈದ್ಯರದೂ ಅಷ್ಟೇ ದೊಡ್ಡ ತಪ್ಪು. ಕೂಸು ಹುಟ್ಟಿದ ಮೇಲೆ ಕಚೇರಿಯ ಗುಂಪು ವಿಮೆಗೆ ಅದರ ಹೆಸರು ಸೇರಿಸಲು ಇಂತಿಷ್ಟೇ ದಿನ ಎಂದಿರುತ್ತದೆ. ನಾಮಕರಣದ ಊಟದ ಪಟ್ಟಿಯನ್ನು ನಾಲ್ಕು ಸಲ ತಿದ್ದುವವರು ಆ ಒಂದು ಅರ್ಜಿಯನ್ನು ಮರೆತು, ಆಮೇಲೆ ಕಂಪನಿಯನ್ನು ಬೈಯುತ್ತಾರೆ.

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆ ಸೀಮೆಗೆ ದುಡಿಯಲು ಬಂದ ನಮ್ಮವರಿಗೆ ಇದನ್ನೆಲ್ಲ ತಿಳಿಸಿ ಹೇಳುವ ಹೊಣೆ ಇಲ್ಲಿ ನೆಲೆಯೂರಿದ ಕನ್ನಡಿಗರದು. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡ್ ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ, ಅದರಲ್ಲಿ ವಯಸ್ಸಿನ ಮಿತಿಯಿಲ್ಲ. ಆದರೆ ಆಸ್ಪತ್ರೆಗಳು ಆ ಯೋಜನೆಯಲ್ಲಿ ನೋಂದಣಿಯಾಗುವುದು ವಿಭಾಗವಾರು. ಮೂಳೆ ಚಿಕಿತ್ಸೆಗೆ ಸೇರಿದ ಆಸ್ಪತ್ರೆ ಶಿಶು ಚಿಕಿತ್ಸೆಗೆ ಸೇರಿರಲೇಬೇಕೆಂದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆಯೂ ಸಾಗಾಟವೂ ಉಚಿತ. ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಸೇರುವ ಸಂಘಗಳು ವರ್ಷಕ್ಕೊಮ್ಮೆ ಇಷ್ಟನ್ನು ಹೇಳಲು ಒಂದು ಸಂಜೆ ಕೊಡಲಾರವೇ?

ಇನ್ನು ಸಬೂಬು ಸಾಕು. ಆಸ್ಪತ್ರೆಯವರು ಪ್ರತಿ ಪಾಳಿ ಬದಲಾಗುವಾಗ ಮಕ್ಕಳ ಟ್ರಾಲಿಯನ್ನು ತೆರೆದು, ಎಣಿಸಿ, ಸಹಿ ಹಾಕಲಿ. ಕಂಪನಿಯವರು ಹೇಳದೆ ಕೇಳದೆ ರಾತ್ರಿ ಹೋಗಿ ಪರೀಕ್ಷಿಸಿ, ರಾತ್ರಿ ಹೊತ್ತು ಮಕ್ಕಳನ್ನು ನೋಡುವವರು ಇದ್ದಾರೆಯೇ ಇಲ್ಲವೇ ಎಂದು ಪಟ್ಟಿಯಲ್ಲೇ ಬರೆಯಲಿ. ತಂದೆ ತಾಯಿಗಳು ಮಗು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಕೊಂಡು ಬರಲಿ. ಇಷ್ಟು ಮಾಡಲಾಗದ ಆಸ್ಪತ್ರೆ ‘ಮಕ್ಕಳ ವಿಭಾಗ’ ಎಂಬ ಫಲಕವನ್ನು ಇಂದೇ ಇಳಿಸಲಿ. ಇಲ್ಲಿ ವ್ಯವಸ್ಥೆ ಇಲ್ಲ ಎಂದು ಮೊದಲೇ ತಿಳಿದ ತಾಯಿ ಅಲ್ಲಿ ಅರ್ಧ ಗಂಟೆ ಕಳೆಯದೆ 108ಕ್ಕೆ ಫೋನ್ ಮಾಡುತ್ತಾಳೆ, ಆ ಅರ್ಧ ಗಂಟೆಯಲ್ಲಿ ಒಂದು ಜೀವ ಉಳಿಯಬಹುದು.