ಕತ್ತರಿಗೆ ಮುನ್ನ ಸ್ಕ್ಯಾನ್

ಹಾಲೂಡಿಸಿದರೂ ಕೂಸಿನ ರಕ್ತದಲ್ಲಿ ಸಕ್ಕರೆ ಪದೇಪದೇ ಕುಸಿಯುತ್ತದೆ. ಗ್ಲುಕೋಸ್ ಡ್ರಿಪ್ ತೆಗೆದರೆ ಫಿಟ್ಸ್. ಜನ್ಮಜಾತ ಹೈಪರ್‌ಇನ್ಸುಲಿನಿಸಂ ಎಂಬ ಈ ಅಪರೂಪದ ಕಾಯಿಲೆಯಲ್ಲಿ ಮೇದೋಜ್ಜೀರಕ ಗ್ರಂಥಿ ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುತ್ತದೆ. ಪೆಟ್ಟು ಬೀಳುವುದು ಮೆದುಳಿಗೆ. ಡಯಾಜಾಕ್ಸೈಡ್ ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿಯಾಗುವುದುಂಟು.

ಎಷ್ಟು ಕತ್ತರಿಸಬೇಕು ಎಂಬಲ್ಲಿಯೇ ತೊಡಕು. ದೋಷ ಇಡೀ ಗ್ರಂಥಿಗೆ ಹರಡಿದ್ದರೆ ಹೆಚ್ಚುಕಡಿಮೆ ಪೂರ್ತಿ ತೆಗೆಯಬೇಕು; ಆ ಮಕ್ಕಳಲ್ಲಿ ಬಹುತೇಕರಿಗೆ ಮುಂದೆ ಮಧುಮೇಹ. ಒಂದೇ ಕಡೆ ಇದ್ದರೆ ಅಷ್ಟನ್ನು ತೆಗೆದರೆ ಸಾಕು, ಮಗು ಗುಣ. ಆದರೆ ಆ ಚುಕ್ಕೆ ಹಲವು ಬಾರಿ ಒಂದು ಸೆಂಟಿಮೀಟರ್ ಆಸುಪಾಸಿನದು. ಅಲ್ಟ್ರಾಸೌಂಡ್, ಎಂಆರ್‌ಐಗಳಲ್ಲಿ ಸಾಮಾನ್ಯವಾಗಿ ಕಾಣದು, ಸರ್ಜನ್ನರ ಬೆರಳಿಗೂ ಸುಲಭವಾಗಿ ಸಿಗದು.

ಫ್ಲೋರಿನ್-18 ಡೋಪಾ ಪೆಟ್ ಸ್ಕ್ಯಾನ್ ನೆರವಾಗುವುದು ಇಲ್ಲೇ. ಇನ್ಸುಲಿನ್ ತಯಾರಿಸುವ ಕೋಶಗಳು ವಿಕಿರಣಶೀಲ ಫ್ಲೋರಿನ್-18 ಬೆಸೆದ ಡೋಪಾವನ್ನು ಹೀರುತ್ತವೆ, ದೋಷದ ಜಾಗ ಪರದೆಯಲ್ಲಿ ಹೊಳೆಯುತ್ತದೆ. ಫಿನ್ಲೆಂಡ್, ಫ್ರಾನ್ಸ್‌ಗಳಲ್ಲಿ ಮೊದಲು ಬಳಕೆಗೆ ಬಂದ ಈ ವಿಧಾನ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲೂ ನೆಲೆಯೂರಿದೆ. ಸ್ಕ್ಯಾನ್ ಒಂದೇ ಸಾಲದೆಂಬುದೂ ನಿಜ: ಆಪರೇಷನ್ ನಡೆಯುತ್ತಿರುವಾಗಲೇ ಪೆಥಾಲಜಿಸ್ಟ್ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಅಂಚು ಖಚಿತಪಡಿಸುತ್ತಾರೆ.

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರ ದೂರವಿದ್ದರೆ ಮದ್ದು ದಾರಿಯಲ್ಲೇ ಕರಗುತ್ತದೆ. ಹಾಗಾಗಿ ಪ್ರತಿ ಜಿಲ್ಲೆಗೊಂದು ಸ್ಕ್ಯಾನರ್ ಕೇಳುವುದು ವ್ಯರ್ಥ. ಬೇಕಾದ್ದು ಕೆಲವೇ ಪರಿಣತ ಕೇಂದ್ರಗಳು, ಅಲ್ಲಿಗೆ ಕೂಸನ್ನು ಗ್ಲುಕೋಸ್ ತಪ್ಪದಂತೆ ಸಾಗಿಸುವ ಆಂಬುಲೆನ್ಸ್, ಮತ್ತು ತಂದೆ-ತಾಯಿಯ ಜೀನ್ ಪರೀಕ್ಷೆ. ತಂದೆಯಿಂದ ಮಾತ್ರ ದೋಷ ಬಂದಿದ್ದರೆ ಒಂದೇ ಚುಕ್ಕೆಯ ರೋಗವಿರುವ ಸಂಭವ ಹೆಚ್ಚು. ಸ್ಕ್ಯಾನ್ ಯಾರಿಗೆ ತುರ್ತು ಎಂಬುದು ಅದರಿಂದಲೇ ತಿಳಿಯುತ್ತದೆ.