ಬೆಟ್ಟದ ದಾರಿಯೂ ನಮ್ಮ ಹೆಣ್ಣುಮಕ್ಕಳೂ



ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದವರು, ನಾವು ಪರೀಕ್ಷೆಯ ಫಲಿತಾಂಶಗಳ ಕುರಿತಾಗಿಯೋ ಶಿಸ್ತಿನ ಕುರಿತಾಗಿಯೋ ಬರೆಯುವೆವೆಂದು ಎಣಿಸಿರಬಹುದು. ಆದರೆ ಕಳೆದ ದಸರಾ ರಜೆಯಿಂದ ನಮ್ಮ ಮನಸ್ಸಿನಲ್ಲಿರುವ ವಿಷಯವು ಬೇರೊಂದಾಗಿರುತ್ತದೆ. ಮನೆಮಂದಿಯೂ ಸ್ನೇಹಿತರೂ ಕೂಡಿ ಕಾಡುಬೆಟ್ಟಗಳ ಪ್ರಯಾಣಕ್ಕೆ ಹೊರಡುವಾಗ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗತಕ್ಕದ್ದೋ ಅಲ್ಲವೋ ಎಂಬದೇ ಆ ವಿಷಯ. ಅವಶ್ಯವಾಗಿ ಕರೆದುಕೊಂಡು ಹೋಗತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯ. ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯರು ಬೆಟ್ಟ ಹತ್ತಲು ಅಪ್ಪಣೆ ಕೇಳಿದರು. ನಾವು ಕೊಡಲಿಲ್ಲ. ಇಂಬಳಗಳ ಕಾಟವಿದೆ, ಮಳೆ ಬಂದೀತು, ಶೌಚಕ್ಕೆ ಅನುಕೂಲವಿಲ್ಲ, ಏನಾದರೂ ಆದರೆ ಹೆತ್ತವರಿಗೆ ಉತ್ತರ ಹೇಳುವವರಾರು ಎಂದು ಹೇಳಿ, ಅವರನ್ನು ಬಸ್ಸಿನಲ್ಲಿ ಕೂಡ್ರಿಸಿ ಮೈಸೂರಿನ ಅರಮನೆಯನ್ನು ತೋರಿಸಿ ಕರೆತಂದೆವು. ಅರಮನೆಯು ನೋಡತಕ್ಕದ್ದೇ ಸರಿ. ಆದರೆ ಹುಡುಗಿಯರು ಕೇಳಿದ್ದು ಅದನ್ನಲ್ಲ.

ಕಳೆದ ಅಕ್ಟೋಬರದಲ್ಲಿ ನಮ್ಮ ಇಬ್ಬರು ಹಳೇ ವಿದ್ಯಾರ್ಥಿನಿಯರು ಕುಟುಂಬಸಮೇತರಾಗಿ ಕುದುರೆಮುಖಕ್ಕೆ ಹೊರಟು ನಮ್ಮನ್ನೂ ಕರೆದರು. ಅವರ ಸ್ನೇಹಿತರ ಕುಟುಂಬವೊಂದು ಸೇರಿ ನಾವು ಒಟ್ಟು 11 ಮಂದಿಯಾದೆವು. ಆ ಸ್ನೇಹಿತರು ಹನ್ನೊಂದು ವರ್ಷದ ಮಗನನ್ನು ಕರೆತಂದು, ಹದಿಮೂರು ವರ್ಷದ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟುಬಂದಿದ್ದರು. ಯಾಕೆಂದು ಕೇಳಿದಾಗ ತಂದೆಯು, “ಹೆಣ್ಣು ಮಗು ಟೀಚರ್, ಅವಳಿಗೆ ಇದೆಲ್ಲ ಕಷ್ಟ” ಅಂದರು. ನಾವೂ ಅದೇ ಮಾತನ್ನಾಡಿದವರಾದ್ದರಿಂದ ಸುಮ್ಮನಾದೆವು.

ಕುದುರೆಮುಖದ ಶಿಖರವು ಸುಮಾರು 1,890 ಮೀಟರು ಎತ್ತರವುಳ್ಳದ್ದು. ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿ ಬರುವ ಕಾಲುದಾರಿಯು ಸುಮಾರು 20 ಕಿಲೊಮೀಟರು. ಈ ಪ್ರದೇಶವು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲ್ಪಟ್ಟಿತು. ಅರಣ್ಯ ಇಲಾಖೆಯ ಅಪ್ಪಣೆಯೂ ದಾರಿತೋರಿಸುವವನೂ ಇಲ್ಲದೆ ಹತ್ತಕೂಡದು; ರಾತ್ರಿ ಮೇಲೆ ತಂಗಕೂಡದು. ಹಳ್ಳಗಳನ್ನು ದಾಟಿ, ಒಂಟಿ ಮರವೆಂಬ ಗುರುತನ್ನು ಹಾದು, ಹುಲ್ಲಿನ ಏರಿನಲ್ಲಿ ಉಸಿರುಗಟ್ಟಿ ನಡೆದೆವು. ಹುಲ್ಲುಬೋಳಿನ ಮಡಿಕೆಗಳಲ್ಲಿ ಮಾತ್ರ ಕುಳ್ಳಾದ ಮರಗಳ ದಟ್ಟ ಕಾಡಿರುವದು; ಅದನ್ನು ಶೋಲಾ ಅನ್ನುತ್ತಾರೆ. ಮುಂಗಾರಿನ ನೀರನ್ನು ಈ ಹುಲ್ಲೂ ಶೋಲಾದ ಮಣ್ಣೂ ಹೀರಿಟ್ಟುಕೊಂಡು ಮಳೆಯಿಲ್ಲದ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಬಿಡುವದರಿಂದಲೇ ಹಳ್ಳಗಳು ಬೇಸಿಗೆಯಲ್ಲೂ ಹರಿಯುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳೂ ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ ಹುಟ್ಟುವವು. ಮಂಗಳೂರಿನ ಮನೆಗಳಲ್ಲಿ ನಾವು ಕುಡಿಯುವ ನೀರು ನೇತ್ರಾವತಿಯದೇ. ಇದನ್ನು ನಾವು ಇಪ್ಪತ್ತು ವರ್ಷಗಳಿಂದ ಕರಿಹಲಿಗೆಯ ಮೇಲೆ ಬರೆದು ಕಲಿಸಿದ್ದೇವೆ. ಒದ್ದೆಯಾದ ಆ ಕಪ್ಪು ಮಣ್ಣನ್ನು ಅಂಗೈಯಲ್ಲಿ ಹಿಂಡಿ ನೋಡಿದ್ದು ಅಂದೇ ಮೊದಲು.

ಶಿಖರದ ಮೇಲೆ ಮಂಜು ಸರಿದು ಪಡುವಣ ಕಣಿವೆಗಳು ಕಂಡಾಗ ಆ ಹುಡುಗನು, “ಅಕ್ಕನಿಗೆ ಇದನ್ನು ಹೇಗೆ ಹೇಳಲಿ?” ಎಂದು ತಂದೆಯನ್ನು ಕೇಳಿದನು. ತಂದೆಯು ಉತ್ತರ ಕೊಡಲಿಲ್ಲ.

ಇಳಿಯುವಾಗ ಮಧ್ಯಾಹ್ನ ಮೂರು ಗಂಟೆಗೆ ಗುಡುಗುಮಳೆ ಹೊಡೆಯಿತು. ಬೆಳಿಗ್ಗೆ ಪಾದ ತೋಯಿಸಿದ ಹಳ್ಳವು ಮೊಣಕಾಲ ಮೇಲೇರಿ ಕೆಂಪಗೆ ಹರಿಯುತ್ತಿತ್ತು. ಕತ್ತಲಾಗುವ ಮೊದಲು ದಾಟಿಬಿಡೋಣವೆಂದು ಗಂಡಸರಲ್ಲಿ ಇಬ್ಬರು ಅವಸರಪಟ್ಟರು. ದಾರಿತೋರಿಸುವವನು, “ಏರಿದ ಹಾಗೇ ಇಳೀತದೆ, ಕಾಯ್ಬೇಕು ಅಷ್ಟೆ” ಅಂದನು. ಆದರೂ ವಾದ ನಿಲ್ಲಲಿಲ್ಲ. ಆಗ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳ ಮಗಳು, ಹನ್ನೆರಡು ವರ್ಷದವಳು, ನೀರಿನಂಚಿಗೆ ಸರಿಯಾಗಿ ಒಂದು ಕೋಲು ನೆಟ್ಟಳು. ಸ್ವಲ್ಪ ಹೊತ್ತಿನಲ್ಲಿ ಕೋಲಿನ ಬುಡವು ಮುಳುಗಿತು. “ಇನ್ನೂ ಏರುತ್ತಾ ಉಂಟು ಮಾಮಾ” ಅಂದಳು. ವಾದ ನಿಂತಿತು. ನೆನೆದ ಚಪಾತಿಗಳನ್ನು ಹಂಚಿ ತಿನ್ನುತ್ತಾ ಒಂದು ತಾಸಿಗೂ ಹೆಚ್ಚು ಕಾಲ ಕಾದೆವು. ನೀರು ಕೋಲಿನಿಂದ ಎರಡು ಗೇಣು ಕೆಳಗಿಳಿದ ಮೇಲೆ ಕೈಕೈ ಹಿಡಿದು ಎಲ್ಲರೂ ಕ್ಷೇಮವಾಗಿ ದಾಟಿದೆವು.

ಆ ರಾತ್ರಿ ಹುಡುಗನ ತಂದೆಯು ಮಗಳೊಡನೆ ಮಾತಾಡಬೇಕೆಂದು ಮೊಬೈಲನ್ನು ಹಿಡಿದುಕೊಂಡು ಅಂಗಳದಲ್ಲೆಲ್ಲಾ ತಿರುಗಾಡಿದರು. ಅಲ್ಲಿ ಸಿಗ್ನಲು ಸಿಕ್ಕಲಿಲ್ಲ.

ಹೆಣ್ಣುಮಕ್ಕಳಿಗೆ ಕಷ್ಟವೆಂಬ ಮಾತನ್ನು ಈಗ ಯೋಚಿಸಿ ನೋಡೋಣ. 1984ರಲ್ಲಿ ಎವರೆಸ್ಟನ್ನೇರಿದ ಭಾರತದ ಪ್ರಥಮ ಮಹಿಳೆ ಬಚೇಂದ್ರಿ ಪಾಲರು ಮೊದಲು ಎತ್ತರದ ಬೆಟ್ಟ ಹತ್ತಿದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಶಾಲೆಯ ವನಭೋಜನಕ್ಕೆ ಹೋದಾಗ. ಮುಂದೆ ಅವರು ನಮ್ಮಂತೆಯೇ ಅಧ್ಯಾಪಕ ತರಬೇತಿಯನ್ನು ಹೊಂದಿದರು. ಅವರಿಗಿಂತ ಮೊದಲು, 1975ರಲ್ಲಿ, ಲೋಕದಲ್ಲೇ ಪ್ರಥಮ ಮಹಿಳೆಯಾಗಿ ಆ ಶಿಖರವನ್ನೇರಿದ ಜಪಾನಿನ ಜುಂಕೋ ತಬೇಯಿಯವರು ಎಳೆಯ ಮಗುವಿನ ತಾಯಿಯಾಗಿದ್ದರು. ನಮ್ಮ ಹುಡುಗಿಯರೆಲ್ಲರೂ ಎವರೆಸ್ಟಿಗೆ ಹೋಗಬೇಕೆಂದು ನಾವು ಹೇಳುವದಿಲ್ಲ. ಕಷ್ಟವು ಇದ್ದೇ ಇದೆ. ತಿಂಗಳ ದಿನಗಳ ತೊಂದರೆಯೂ ಇದೆ. ಆದರೆ ಅದಕ್ಕೆ ಬೇಕಾದದ್ದು ತಾಯಿಯ ಮುಂದಾಲೋಚನೆಯೂ ಚೀಲದಲ್ಲೊಂದು ಪೊಟ್ಟಣವೂ, ಅಜ್ಜಿಯ ಮನೆಯಲ್ಲ.

ಹಾಗೆಂದು ಬೆಟ್ಟವನ್ನು ಜಾತ್ರೆ ಮಾಡುವದೂ ಸಲ್ಲದು. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನರು ಕಿಕ್ಕಿರಿದು ಹೋದದ್ದರಿಂದ ಸರಕಾರವು ಬೆಟ್ಟ ಹತ್ತುವದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ನಿಂತಿತು. ಗಣಿಯಿಂದ ಉಳಿಸಿದ ಬೆಟ್ಟವನ್ನು ನಮ್ಮ ಪ್ಲಾಸ್ಟಿಕ್ ಪೊಟ್ಟಣಗಳಿಂದ ಕೆಡಿಸುವದು ನಾಚಿಕೆಗೇಡು. ಆದಕಾರಣ ಹೆತ್ತವರು ಅಪ್ಪಣೆ ಪಡೆದೇ ಹೋಗಲಿ, ತಂದದ್ದನ್ನು ತಿರುಗಿ ಒಯ್ಯಲಿ, ನಡಿಗೆ ನಿಧಾನವಾದ ಮಗುವನ್ನು ಎಲ್ಲರಿಗಿಂತ ಮುಂದೆ ನಡೆಸಲಿ. ಎಲ್ಲಕ್ಕಿಂತ ಹೆಚ್ಚಾಗಿ, ದಾರಿತೋರಿಸುವವನು ಕಾಯಿರಿ ಅಂದರೆ ಕಾಯಲಿ. ದೊಡ್ಡವರು ಮಾತು ಕೇಳುವದನ್ನು ಮಕ್ಕಳು ನೋಡುವ ಅವಕಾಶವು ಮನೆಯಲ್ಲಿ ಅಪರೂಪವಷ್ಟೆ.

ಈ ವರ್ಷ ಒಂಬತ್ತನೆಯ ತರಗತಿಯವರನ್ನು ಬೆಟ್ಟಕ್ಕೆ ಕರೆದೊಯ್ಯಲು ನಿಶ್ಚಯಿಸಿದ್ದೇವೆ. ಹೆತ್ತವರ ಒಪ್ಪಿಗೆಯ ಕಾಗದಗಳು ಶೀಘ್ರವೇ ನಿಮ್ಮ ಕೈಸೇರುವವು. ಕೂಡಲೇ ಇಲ್ಲವೆಂದು ಬರೆಯದೆ ಒಂದು ರಾತ್ರಿ ಯೋಚಿಸಿರೆಂದು ಬೇಡುತ್ತೇವೆ. ಎರಡು ವರ್ಷಗಳ ಹಿಂದೆ ನಾವು ತಡೆದ ಹುಡುಗಿಯರು ಈಗ ಶಾಲೆಯನ್ನು ಬಿಟ್ಟು, ಈ ಪುಟಗಳನ್ನು ಹಳೇ ವಿದ್ಯಾರ್ಥಿನಿಯರಾಗಿ ಓದುವರು. ಅವರಲ್ಲಿ ನಾವು ಕ್ಷಮೆ ಕೇಳುತ್ತೇವೆ. ಚಿಕ್ಕವರ ಕೈಹಿಡಿದು ಹಳ್ಳ ದಾಟಿಸುವದಕ್ಕೆ ನಮಗೆ ಜನ ಬೇಕು, ಅವರೂ ಬರಲಿ.