ಸೈರನ್ ನಾಲ್ಕಾದರೆ ಸಾಲದು, ಲೆಕ್ಕವೂ ಕೂಡಬೇಕು



ಅಡಿಕೆ ಕೊಯ್ಲು ಮುಗಿಯುವಷ್ಟರಲ್ಲಿ ಕಾಫಿ, ಕಾಫಿ ಕಣದಿಂದ ಏಳುವಷ್ಟರಲ್ಲಿ ಕಾಳುಮೆಣಸು. ಹೀಗೆ ನಾಲ್ಕೈದು ತಿಂಗಳ ಕಾಲ ನಮ್ಮ ವರ್ಷದ ದುಡಿಮೆಯೆಲ್ಲ ಅಂಗಳದಲ್ಲಿ, ಜಗಲಿಯಲ್ಲಿ, ಗೋದಾಮಿನಲ್ಲಿ ಬಿದ್ದಿರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿದವರು ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಹಿಂದೆ ಕಣದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದ ಆಳುಗಳು ಈಗ ಸಿಗುವುದಿಲ್ಲ. ಆದುದರಿಂದ ಅಲಾರಂ ಪೆಟ್ಟಿಗೆ ಹಾಕಿಸುವ ಸದಸ್ಯರು ಹೆಚ್ಚುತ್ತಿರುವುದು ಸಹಜವೇ ಸರಿ. ಪೆಟ್ಟಿಗೆ ಬೇಡವೆಂದು ನಾವು ಹೇಳುವುದಿಲ್ಲ. ಅದಕ್ಕೆ ಮೂರು ನಾಲ್ಕು ಸೈರನ್ ಕಟ್ಟುವಾಗ ನಡೆಯುತ್ತಿರುವ ತಪ್ಪನ್ನು ಕುರಿತು ಎರಡು ಮಾತು ಹೇಳುವುದು ಅಗತ್ಯವೆನಿಸಿದೆ. ಏಕೆಂದರೆ ಆ ತಪ್ಪಿಗೆ ನಾವೇ ದಂಡ ತೆತ್ತಿದ್ದೇವೆ.

ನಮ್ಮ ಮನೆಗೆ ಪೆಟ್ಟಿಗೆ ಕೂರಿಸಲು ಬಂದವನು ಒಂದು ಹಾರ್ನ್ ಕೊಟ್ಟಿದ್ದನು. ಒಂದು ಸಾಲದೆಂದು ನಾವೇ ಹಠ ಹಿಡಿದು ಜಗಲಿಗೊಂದು, ಕಣಕ್ಕೊಂದು, ಗೋದಾಮಿಗೊಂದು, ಆಳುಗಳ ಲೈನಿಗೊಂದು ಎಂದು ನಾಲ್ಕು ಕಟ್ಟಿಸಿದೆವು. ಹಗಲು ಪರೀಕ್ಷೆ ಮಾಡಿದಾಗ ಐದು ಸೆಕೆಂಡು ಕೂಗಿತು, ಎಲ್ಲರಿಗೂ ಸಮಾಧಾನವಾಯಿತು. ಮೆಣಸು ಒಣಗಿಸುವ ಕಾಲದಲ್ಲಿ ಒಂದು ರಾತ್ರಿ ಗೋದಾಮಿನ ಬಾಗಿಲು ತೆರೆಯಿತು. ಸೈರನ್ ಒಮ್ಮೆ ನರಳಿ ಸುಮ್ಮನಾಯಿತು. ಬೆಕ್ಕೋ ಏನೋ ಎಂದು ನಾವು ಮಗ್ಗುಲು ಬದಲಿಸಿದೆವು. ಬೆಳಿಗ್ಗೆ ನೋಡಿದರೆ ನಾಲ್ಕು ಮೂಟೆ ಮೆಣಸು ಇರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಹಾರ್ನಿಗೆ ಕರೆಂಟು ಕೊಡುವ ಭಾಗ ಸುಟ್ಟು ಕರಕಲಾಗಿತ್ತು.

ಇದರ ಕಾರಣ ಸರಳ. ಒಂದು ಹಾರ್ನಿನ ತಡೆ 8 ಓಮ್. ಅಂಥ ಎರಡನ್ನು ಪಕ್ಕಪಕ್ಕಕ್ಕೆ, ಅಂದರೆ ಪ್ಯಾರಲಲ್ಲಾಗಿ ಜೋಡಿಸಿದರೆ ಒಟ್ಟು ತಡೆ 4 ಓಮ್‌ಗೆ ಇಳಿಯುತ್ತದೆ. ನಾಲ್ಕನ್ನು ಜೋಡಿಸಿದರೆ 2 ಓಮ್. ತಡೆ ಕಾಲುಭಾಗವಾದಂತೆ ಪೆಟ್ಟಿಗೆಯಿಂದ ಎಳೆಯುವ ಕರೆಂಟು ನಾಲ್ಕು ಪಟ್ಟಾಗುತ್ತದೆ. ಒಂದು ಜೆಟ್ಟಿಗೆಂದು ತಂದ ಪಂಪಿಗೆ ನಾಲ್ಕು ಜೆಟ್ ಹಾಕಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅಲ್ಲಿ ನೀರು ಕಡಿಮೆಯಾಗುತ್ತದೆ, ಇಲ್ಲಿ ಪೆಟ್ಟಿಗೆಯೇ ಸುಡುತ್ತದೆ. ಎರಡೆರಡನ್ನು ಒಂದರ ಹಿಂದೊಂದು ಸರಣಿಯಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಒಟ್ಟು ತಡೆ ಮತ್ತೆ 8 ಓಮ್ ಆಗಿ ಪೆಟ್ಟಿಗೆ ಉಳಿಯುತ್ತದೆ. ಆದರೆ ಒಂದರ ಶಕ್ತಿ ನಾಲ್ಕಕ್ಕೆ ಹಂಚಿಹೋಗುತ್ತದೆ. ಪ್ರತಿಯೊಂದು ಹಾರ್ನಿಗೂ ಕಾಲುಪಾಲು ಮಾತ್ರ.

ಇನ್ನೊಂದು ಗೊಂದಲವಿದೆ. ಅಂಗಡಿಯಲ್ಲಿ ಸೈರನ್ ಎಂದು ಕೊಡುವ ವಸ್ತು ಎರಡು ಬಗೆಯದು. ಒಂದು ಬರಿಯ ಹಾರ್ನ್. ಅದಕ್ಕೆ ಕೂಗುವ ಸದ್ದನ್ನು ಬೇರೆ ಯಂತ್ರ ಒದಗಿಸಬೇಕು. ಇನ್ನೊಂದು ತನ್ನೊಳಗೇ ಯಂತ್ರವಿರುವ 12 ವೋಲ್ಟಿನ ಸೈರನ್. ಕೆಂಪು ಕಪ್ಪು ತಂತಿಗಳಿಗೆ ಬ್ಯಾಟರಿ ಮುಟ್ಟಿಸಿದರೆ ತಾನೇ ಕೂಗುತ್ತದೆ. ಎರಡನೆಯದನ್ನು ಎಂದೂ ಸರಣಿಯಲ್ಲಿ ಕಟ್ಟಬಾರದು. ಪ್ಯಾರಲಲ್ಲಾಗಿಯೇ ಕಟ್ಟಬೇಕು, ಕೆಂಪು ಕಪ್ಪು ತಿರುವುಮುರುವಾಗಬಾರದು. ಪ್ರತಿಯೊಂದರ ಮೇಲೆ ಬರೆದಿರುವ ಆಂಪಿಯರ್ ಕೂಡಿಸಿ ನೋಡಬೇಕು. ಮೊತ್ತ ಪೆಟ್ಟಿಗೆಯ ಮಿತಿಯನ್ನು ಮೀರಿದರೆ ನಡುವೆ ಒಂದು ರಿಲೇ ಹಾಕಿಸಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ನಾವು ಒತ್ತುವ ಗುಂಡಿಯ ಮೂಲಕ ಮೋಟಾರಿನ ಕರೆಂಟೆಲ್ಲ ಹರಿಯುವುದಿಲ್ಲವಷ್ಟೆ. ಗುಂಡಿ ಅಪ್ಪಣೆ ಕೊಡುತ್ತದೆ, ಒಳಗಿನ ಕಾಂಟ್ಯಾಕ್ಟರ್ ಭಾರ ಹೊರುತ್ತದೆ. ರಿಲೇಯ ಕೆಲಸವೂ ಅದೇ. ಪೆಟ್ಟಿಗೆ ಅಪ್ಪಣೆ ಕೊಡಲಿ. ಸೈರನ್‌ಗಳ ಭಾರವನ್ನು ಫ್ಯೂಸ್ ಹಾಕಿದ ಪ್ರತ್ಯೇಕ ಬ್ಯಾಟರಿ ಹೊರಲಿ.

ಇನ್ನು ತಂತಿಯ ವಿಚಾರ. ಉಳಿತಾಯ ಮಾಡಲು ಹೋಗಿ ನಾವು ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ. ಮನೆಯಿಂದ ಲೈನಿಗೆ 100 ಮೀಟರ್ ಎಂದಿಟ್ಟುಕೊಳ್ಳಿ. ಹೋಗುವುದು ಬರುವುದು ಸೇರಿ ತಂತಿ 200 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ಅಷ್ಟು ಉದ್ದಕ್ಕೆ ಸುಮಾರು ಮೂರೂವರೆ ಓಮ್ ತಡೆ. 1 ಆಂಪಿಯರ್ ಎಳೆಯುವ ಸೈರನ್ ಕೂಗುವಾಗ ದಾರಿಯಲ್ಲೇ ಮೂರೂವರೆ ವೋಲ್ಟ್ ನಷ್ಟ. 12ರ ಬದಲು ಎಂಟೂವರೆ ತಲುಪುತ್ತದೆ. ಅದೇ ಎರಡೂವರೆ ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಒಂದೂವರೆ ವೋಲ್ಟಿನ ಒಳಗೇ ನಿಲ್ಲುತ್ತದೆ. ಸಣ್ಣ ಪೈಪಿನಲ್ಲಿ ದೂರದ ಗುಡ್ಡಕ್ಕೆ ನೀರು ಹಾಯಿಸಿ ಸೋತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೂರ ಇನ್ನೂ ಹೆಚ್ಚಿದ್ದರೆ ಜಾತ್ರೆಗೆ ಬರುವ ಮೈಕ್‌ಸೆಟ್ಟಿನವರಿಂದ ಕಲಿಯುವುದು ಲೇಸು. ಅಷ್ಟುದ್ದ ರಸ್ತೆಗೆ ಹತ್ತಾರು ಹಾರ್ನ್ ಕಟ್ಟಿದರೂ ಅವರ ಯಂತ್ರ ಸುಡುವುದಿಲ್ಲ. ಆಂಪ್ಲಿಫೈಯರಿನಿಂದ 100 ವೋಲ್ಟಿನ ಲೈನ್ ಹೊರಡಿಸಿ, ಪ್ರತಿ ಹಾರ್ನಿಗೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಕೂಡಿಸುತ್ತಾರೆ. ವೋಲ್ಟು ಹೆಚ್ಚಾದುದರಿಂದ ಕರೆಂಟು ಕಡಿಮೆ, ದಾರಿಯ ನಷ್ಟವೂ ಕಡಿಮೆ. ಓಮ್‌ಗಳ ಗೋಜೂ ಇಲ್ಲ. ಹಾರ್ನುಗಳ ವ್ಯಾಟ್ ಕೂಡಿಸಿದ ಮೊತ್ತ ಆಂಪ್ಲಿಫೈಯರಿನ ವ್ಯಾಟ್‌ಗಿಂತ ಕಡಿಮೆಯಿದ್ದರಾಯಿತು. ಈ ಲೈನ್ ಚಾಲೂ ಇರುವಾಗ ಬರಿಗೈಯಲ್ಲಿ ಮುಟ್ಟಬಾರದು. ಬ್ಯಾಟರಿಯಲ್ಲೂ ನಡೆಯುವ ಆಂಪ್ಲಿಫೈಯರನ್ನೇ ಆರಿಸಬೇಕು. ಕರೆಂಟು ಹೋದ ರಾತ್ರಿಯನ್ನೇ ಕಳ್ಳನೂ ಆರಿಸುತ್ತಾನೆ.

ಇಷ್ಟೆಲ್ಲ ತೊಂದರೆಯೇಕೆ, ಮಾಡಿನ ಮೇಲೆ ಒಂದು ದೊಡ್ಡ ಸೈರನ್ ಸಾಲದೇ ಎಂದು ಕೇಳುವವರಿದ್ದಾರೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದುದು 128 ಮೀಟರಿನಲ್ಲಿ 68ಕ್ಕೆ ಬರುತ್ತದೆ. ನಮ್ಮಲ್ಲಿ ನಡುವೆ ಗುಡ್ಡವಿದೆ, ಮರವಿದೆ, ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆಯ ಅಬ್ಬರವಿದೆ. ಅರ್ಧ ಮೈಲಿ ಆಚೆಯ ನೆರೆಮನೆಯವರನ್ನು ಎಬ್ಬಿಸುವುದು ದೊಡ್ಡ ಸೈರನ್ನಿಗೂ ಸಾಧ್ಯವಾಗದ ಮಾತು. ಆದುದರಿಂದ ಎಬ್ಬಿಸಬೇಕಾದವರ ಹತ್ತಿರ ಒಂದೊಂದು ಚಿಕ್ಕ ಸೈರನ್ ಇರುವುದೇ ಮೇಲು. ಮಲಗುವ ಕೋಣೆಗೊಂದು, ಲೈನಿಗೊಂದು, ಕಳ್ಳನನ್ನು ಬೆದರಿಸಲು ಗೋದಾಮಿಗೊಂದು ಸಾಕು. ದೂರದವರಿಗೆ ಫೋನೇ ಆಗಬೇಕು.

ಒಮ್ಮೆ ಹಾಕಿಸಿದರೆ ಮುಗಿಯಿತೆಂಬ ಭಾವನೆಯೂ ಸಲ್ಲದು. ಇಲಿ ತಂತಿ ಕಡಿಯುತ್ತದೆ, ತೇವಕ್ಕೆ ಜೋಡಣೆಗಳು ಕಿಲುಬುಗಟ್ಟುತ್ತವೆ, ಸಿಡಿಲು ಉದ್ದ ತಂತಿಯನ್ನು ಹುಡುಕಿಕೊಂಡು ಬರುತ್ತದೆ. ಪೆಟ್ಟಿಗೆ ಸುಮ್ಮನಿರುವಾಗಲೂ 0.1 ಆಂಪಿಯರ್ ಎಳೆಯುವುದಾದರೆ 7 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕಕ್ಕೆ 70 ಗಂಟೆ ಬರಬೇಕು. ಹಳೆಯದಾದರೆ ಅದರ ಅರ್ಧವೂ ಬಾರದು. ತಿಂಗಳಿಗೊಮ್ಮೆ ಮನೆಯ ಕರೆಂಟು ತೆಗೆದು, ನೆರೆಯವರಿಗೆ ಮೊದಲೇ ತಿಳಿಸಿ, ಪೂರಾ ಎರಡು ನಿಮಿಷ ಕೂಗಿಸಿ ನೋಡಬೇಕು. ಐದು ಸೆಕೆಂಡಿನ ಪರೀಕ್ಷೆ ನಮಗೆ ಕೊಟ್ಟ ಸಮಾಧಾನ ಎಂಥದೆಂದು ಮೇಲೆ ಹೇಳಿದ್ದೇವೆ. ಬೆಕ್ಕಿಗೂ ಮಂಗಕ್ಕೂ ದಿನಾ ಕೂಗುವ ಸೈರನ್ ತೋಳ ಬಂತು ತೋಳ ಎಂದ ಹುಡುಗನ ಕೂಗಿನಂತೆ. ಬೇಕಾದ ದಿನ ಯಾರೂ ಬರುವುದಿಲ್ಲ. ನಾಲ್ಕೈದು ನಿಮಿಷದಲ್ಲಿ ತಾನೇ ನಿಲ್ಲುವ ಏರ್ಪಾಡೂ ಇರಲಿ.

ಕಡೆಯದಾಗಿ ಒಂದು ಸಲಹೆ. ಸದಸ್ಯರು ತಮ್ಮ ತಮ್ಮಷ್ಟಕ್ಕೆ ಪೇಟೆಗೆ ಹೋಗಿ ಸಿಕ್ಕಿದ್ದನ್ನು ತರುವ ಬದಲು, ಗೊಬ್ಬರ ಮೈಲುತುತ್ತ ತರಿಸುವಂತೆ ತಂತಿ, ರಿಲೇ, ಬ್ಯಾಟರಿಗಳನ್ನೂ ಸಂಘದ ಮೂಲಕ ಒಟ್ಟಿಗೆ ತರಿಸಬಹುದು. ನಮ್ಮ ಊರಿನ ಒಬ್ಬಿಬ್ಬರು ಹುಡುಗರಿಗೆ ಈ ಕೆಲಸದಲ್ಲಿ ತರಬೇತಿ ಕೊಡಿಸಬಹುದು. ಐದಾರು ಮನೆಗಳು ಸೇರಿ, ಸೈರನ್ ಕೂಗಿದರೆ ಯಾರು ಯಾರಿಗೆ ಫೋನ್ ಮಾಡಬೇಕು, ಯಾರು ಹೊರಟು ಬರಬೇಕು, ಯಾರು 112ಕ್ಕೆ ಕರೆಮಾಡಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬಹುದು. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಸದಸ್ಯರು ಯೋಚಿಸಿ ಬರಬೇಕೆಂದು ಕೋರುತ್ತೇವೆ. ಸೈರನ್ ಕೂಗಬಲ್ಲದೇ ಹೊರತು ಲಾಟೀನು ಹಿಡಿದು ಬರಲಾರದು. ಬರಬೇಕಾದವರು ನಾವೇ.

— ಕಾರ್ಯದರ್ಶಿ